ಕಿರು ಹೆಲಿಕಾಪ್ಟರ್‌ಗೆ ಸರಿಯಾದ ಬಣ್ಣ: ಬಳಕೆದಾರರ ಕೈಪಿಡಿ, ಯಡಿಯೂರು ಆವೃತ್ತಿ

ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಮುಚ್ಚಳ ಆಗಲೇ ತೆಗೆದಾಗಿದ್ದರೆ ಮೊದಲು ಅಡುಗೆಮನೆಯ ಬಾಗಿಲು ಹಾಕಿ, ಆಮೇಲೆ ಓದಿ. ಥಿನ್ನರ್ ವಾಸನೆ ಒಮ್ಮೆ ಸಾರಿಗೆ ಹತ್ತಿತೆಂದರೆ ಈ ಹವ್ಯಾಸಕ್ಕೆ ಮನೆಯಲ್ಲಿ ಮುಂದೆ ಜಾಗವಿರುವುದಿಲ್ಲ.

ಹಂತ ಒಂದು: ಹೆಲಿಕಾಪ್ಟರ್ ಆರಿಸಿ. ಬೆಂಗಳೂರಿನಲ್ಲಿದ್ದುಕೊಂಡು ಅಮೆರಿಕದ ಅಪಾಚೆ ಮಾಡುವವರಿಗೆ ಈ ಕೈಪಿಡಿ ಬೇಡ. ಅವರ ಕಷ್ಟಗಳಿಗೆಲ್ಲ ಅಚ್ಚಾದ ಉತ್ತರಗಳಿವೆ. ನಮ್ಮ ವಿಷಯ ಎಚ್‌ಎಎಲ್‌ನಲ್ಲಿ ಹುಟ್ಟಿದವು: ಫ್ರೆಂಚರ ಅಲೂಯೆತ್ 3 ಇಲ್ಲಿಗೆ ಬಂದು ಚೇತಕ್ ಆಯಿತು, ಅವರ ಲಾಮಾ ಇಲ್ಲಿ ಚೀತಾ ಆಯಿತು, ಇನ್ನು 1992ರ ಆಗಸ್ಟ್ 20ರಂದು ಮೊದಲು ಹಾರಿದ ಧ್ರುವ ಇಲ್ಲಿನದೇ. ಬಾಲದ ಕಡೆ ಕಂಬಿಯ ಚೌಕಟ್ಟು ಬರಿದಾಗಿ ಕಂಡರೆ ಚೀತಾ, ಮುಚ್ಚಿಕೊಂಡಿದ್ದರೆ ಚೇತಕ್. ಹೊಸಬರು ಚೇತಕ್‌ನಿಂದ ಶುರುಮಾಡಿ. ಹೆಲ್ಲರ್ ಕಂಪನಿಯ 1/72 ಅಲೂಯೆತ್ ಕಿಟ್ ಸಾಕು. ರೋಟರ್ ತುದಿಯಿಂದ ತುದಿಗೆ ಸುಮಾರು 15 ಸೆಂಟಿಮೀಟರ್, ಪುಸ್ತಕದ ಕಪಾಟಿನಲ್ಲಿ ಕೂರುತ್ತದೆ. ಕಿಟ್‌ನೊಳಗಿನ ಬಣ್ಣದ ಚೀಟಿಯನ್ನು ನಂಬಿ ಕೆಟ್ಟವರಿದ್ದಾರೆ. ನಮ್ಮ ಚೇತಕ್ ಯಾವ ಬಣ್ಣದ್ದೆಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ನಾಲ್ಕಾಗಿ ಮಡಿಸಿ, ಮೇಜಿನ ಅಲ್ಲಾಡುವ ಕಾಲಿನ ಕೆಳಗಿಡಿ.

ಹಂತ ಎರಡು: ಯಾರದು, ಯಾವ ವರ್ಷದ್ದು ಎಂದು ತೀರ್ಮಾನಿಸಿ. ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ವಾಯುಪಡೆ, ಭೂಸೇನೆ, ನೌಕಾಪಡೆ, ಕರಾವಳಿ ರಕ್ಷಣಾ ಪಡೆ, ಎಲ್ಲರ ಬಳಿಯೂ ಚೇತಕ್ ಇದೆ, ಎಲ್ಲರ ಬಣ್ಣವೂ ಬೇರೆ. ಅದರಲ್ಲೂ ಭೂಸೇನೆಗೆ ಪ್ರತ್ಯೇಕ ವೈಮಾನಿಕ ದಳ ಬಂದದ್ದೇ 1986ರ ನವೆಂಬರ್ 1ಕ್ಕೆ. ನಿಮ್ಮ ಪೀಠದ ಮೇಲೆ ‘ಸೇನಾ ವೈಮಾನಿಕ ದಳ, 1980’ ಎಂದು ಬರೆದುಬಿಟ್ಟರೆ ಹಸಿರು ಎಷ್ಟೇ ಕರಾರುವಾಕ್ಕಾಗಿದ್ದರೂ ಹೆಲಿಕಾಪ್ಟರ್ ಸುಳ್ಳು. ಆದ್ದರಿಂದ ‘ಚೇತಕ್‌ನ ಬಣ್ಣ ಯಾವುದು’ ಎಂಬ ಪ್ರಶ್ನೆ ಕೇಳಲೇಬೇಡಿ. ಒಂದು ಯಂತ್ರ, ಒಂದು ಫೋಟೋ, ಒಂದು ವರ್ಷ ಹಿಡಿಯಿರಿ. ಅದೇ ಊರಿನ ಅದೇ ಸಾಲಿನಲ್ಲಿ ನಿಂತ ಪಕ್ಕದ ಹೆಲಿಕಾಪ್ಟರ್ ಎರಡು ಮಳೆಗಾಲ ಹೆಚ್ಚು ನೆನೆದಿರುತ್ತದೆ. ಅದು ಬೇರೆಯವರ ತಲೆನೋವು.

ಫೋಟೋ ಬಗ್ಗೆ ಎಚ್ಚರಿಕೆ. ಯಲಹಂಕದ ಏರೋ ಇಂಡಿಯಾದಲ್ಲಿ ಒಂದೇ ಹೆಲಿಕಾಪ್ಟರನ್ನು ನೀವೂ ನಿಮ್ಮ ಭಾವಮೈದುನನೂ ಒಟ್ಟಿಗೆ ತೆಗೆದರೂ ನಿಮ್ಮ ಫೋನಿನ ಬೂದು ನೀಲಿಗೆ ವಾಲುತ್ತದೆ, ಅವನದು ಹಸಿರಿಗೆ. ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಖಂಡಿತ ಹೋಗಿ. ಮೊಳೆಯ ಸಾಲು, ಬಾಗಿಲ ಹಿಡಿಕೆ, ಕೀಲು ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬಣ್ಣಕ್ಕೆ ಮಾತ್ರ ಅಲ್ಲಿ ಪ್ರಮಾಣ ಮಾಡಬೇಡಿ. ಹೊರಗೆ ಬಿಸಿಲಿಗೆ ನಿಂತ ಯಂತ್ರ ಬಿಳಿಚುತ್ತದೆ, ಮತ್ತೆ ಬಳಿದಾಗ ಹಾರುತ್ತಿದ್ದ ಕಾಲದ ಬಣ್ಣವೇ ಬರುತ್ತದೆಂಬ ಖಾತ್ರಿಯಿಲ್ಲ.

ಹಂತ ಮೂರು: ಬಣ್ಣದ ಸಂಖ್ಯೆ. ಜರ್ಮನರಿಗೆ ಆರ್‌ಎಎಲ್ ಇದೆ, ಅಮೆರಿಕನ್ನರಿಗೆ ಫೆಡರಲ್ ಸ್ಟ್ಯಾಂಡರ್ಡ್ 595, ಬ್ರಿಟಿಷರಿಗೆ ಬಿಎಸ್ 381ಸಿ. ನಮಗೂ ಐಎಸ್ 5 ಇದೆ ಎಂಬುದನ್ನು ಮಾಡೆಲ್ ಕಟ್ಟುವವರು ಮರೆಯುತ್ತಾರೆ, ಬಣ್ಣದಂಗಡಿಯವರು ಮರೆಯುವುದಿಲ್ಲ. ಅದರಲ್ಲಿ ಆಲಿವ್ ಗ್ರೀನ್ 220, ಡಾರ್ಕ್ ಅಡ್ಮಿರಾಲ್ಟಿ ಗ್ರೇ 632, ಸ್ಮೋಕ್ ಗ್ರೇ 692. ಹೆಲಿಕಾಪ್ಟರ್ ಇದನ್ನೇ ಬಳಿದುಕೊಂಡಿದೆ ಎಂದು ಅರ್ಥವಲ್ಲ. ಆದರೆ ಬೆಂಗಳೂರಿನ ನಮ್ಮ ಯಡಿಯೂರಿನಲ್ಲಿ ನಡೆದು ಹೋಗಿ ಕೈಯಲ್ಲಿ ಹಿಡಿದು ನೋಡಬಹುದಾದ ಮಾನದಂಡ ಇದೊಂದೇ.

ಅಂಗಡಿಯಲ್ಲಿ ‘ಗೇಟಿಗಾ, ಗ್ರಿಲ್ಲಿಗಾ ಸಾರ್?’ ಎಂದು ಕೇಳುತ್ತಾರೆ. ಗ್ರಿಲ್ಲಿಗೆ ಎನ್ನಿ. ಸತ್ಯ ಹೇಳಿದರೆ ಒಳಗಿಂದ ಇನ್ನಿಬ್ಬರು ಎದ್ದು ಬರುತ್ತಾರೆ, ‘ಹೆಲಿಕಾಪ್ಟರಿಗೆ ಎರಡು ಕೋಟ್ ಬೇಕಾಗುತ್ತೆ’ ಎಂಬ ಸಲಹೆಯೂ ಬರುತ್ತದೆ, ‘ಫಿರೋಜಿ ಚೆನ್ನಾಗಿ ಹೋಗ್ತಿದೆ, ಕೊಡಲಾ?’ ಎಂಬುದೂ. ಅತಿ ಚಿಕ್ಕ ಡಬ್ಬಿ ತನ್ನಿ. ಅದರಲ್ಲಿ ಇಡೀ ಸ್ಕ್ವಾಡ್ರನ್ ಮುಗಿದು ಕಿಟಕಿಯ ಸರಳಿಗೂ ಉಳಿಯುತ್ತದೆ. ಆದರೆ ಅದನ್ನು ಮಾಡೆಲ್‌ಗೆ ಬಳಿಯಕೂಡದು: ಗ್ರಿಲ್ಲಿನ ಎನಾಮಲ್ ದಪ್ಪ, ಹೊಳಪು, ಕೂದಲೆಳೆಯಷ್ಟಿರುವ ಗೆರೆಗಳನ್ನೆಲ್ಲ ನುಂಗಿಬಿಡುತ್ತದೆ. ಅದು ಸಾಕ್ಷಿ ಮಾತ್ರ. ಕೆಲಸಕ್ಕೆ ಟಾಮಿಯಾ ಅಥವಾ ಹಂಬ್ರೋಲ್‌ನ ಸಣ್ಣ ಬಾಟಲಿ.

ಈಗ ಚಮಚ. ಮದುವೆಮನೆಯ ಐಸ್‌ಕ್ರೀಮಿನ ಬಿಳಿ ಪ್ಲಾಸ್ಟಿಕ್ ಚಮಚಗಳನ್ನು ತೊಳೆದು ಎತ್ತಿಡುವ ಅಭ್ಯಾಸ ಈ ಹವ್ಯಾಸದವರಿಗೆ ತಾನಾಗಿ ಬರುತ್ತದೆ. ಒಂದರ ಬೆನ್ನಿಗೆ ಸಾಕ್ಷಿ ಬಣ್ಣ, ಇನ್ನೊಂದಕ್ಕೆ ನಿಮ್ಮ ಮಿಶ್ರಣ ಹಚ್ಚಿ. ಹಸಿಯಾಗಿದ್ದಾಗ ಏನನ್ನೂ ನಿರ್ಧರಿಸಬೇಡಿ. ಒಣಗಿದ ಮೇಲೆ ಬಣ್ಣ ಬೇರೆಯೇ ಆಗುತ್ತದೆ. ಎಲ್‌ಇಡಿ ಕೆಳಗೆ ಅವಳಿಜವಳಿಯಂತಿದ್ದ ಎರಡು ಬೂದುಗಳು ಬಿಸಿಲಿಗೆ ಬಂದೊಡನೆ ಬೇರೆಬೇರೆ ಆಗಿಬಿಡಬಹುದು. ಹೀಗಾಗಿ ಬೆಳಿಗ್ಗೆ ಒಂಬತ್ತರ ಬೆಳಕಿಗೆ ಹಿಡಿಯಿರಿ. ತಾರಸಿಯಲ್ಲಿ ಬಟ್ಟೆ ಒಣಹಾಕಿದ್ದರೆ ಯಡಿಯೂರು ಕೆರೆಯ ಬಳಿ ಹೋಗಿ. ವಾಕಿಂಗ್ ಬಂದ ಹಿರಿಯರು ನಿಂತು ನೋಡಿಯೇ ನೋಡುತ್ತಾರೆ. ಕೇಳಿದರೆ ‘ನೀರಿನ ಪರೀಕ್ಷೆ’ ಎನ್ನಬೇಡಿ, ಪಾಲಿಕೆಗೆ ಅರ್ಜಿ ಬರೆಸುತ್ತಾರೆ. ಕುಂಚ ತೊಳೆದ ಥಿನ್ನರನ್ನು ಚರಂಡಿಗೆ ಸುರಿಯಬೇಡಿ. ಗಣೇಶನನ್ನೇ ಕೆರೆಗೆ ಬಿಡದೆ ಪಕ್ಕದ ಕಲ್ಯಾಣಿಗೆ ಕಳಿಸುವ ಬಡಾವಣೆ ಇದು.

ಬಣ್ಣ ಸಾಕ್ಷಿಗೆ ಸರಿಹೊಂದಿತೇ? ಈಗ ಅದನ್ನು ಕೆಡಿಸಿ. ಒಂದಡಿ ದೂರದಿಂದ ನೋಡುವ 1/72 ಮಾಡೆಲ್ ಎಂದರೆ 72 ಅಡಿ ದೂರದ ಹೆಲಿಕಾಪ್ಟರ್; ನಡುವಿನ ಗಾಳಿ, ಧೂಳು ಬಣ್ಣವನ್ನು ಮಂಕು ಮಾಡಿರುತ್ತವೆ. ಆರು ಹನಿಗೆ ಒಂದು ಹನಿ ಬಿಳಿ ಬೆರೆಸಿ. ವಾಯುಪಡೆಯ ಸಾರಂಗ್ ಪ್ರದರ್ಶನ ತಂಡದ ಧ್ರುವ ಮಾಡುವವರಿಗೆ ಈ ಸೂತ್ರ ನಿಷಿದ್ಧ. 2003ರಲ್ಲಿ ಬೆಂಗಳೂರಿನಲ್ಲೇ ಕಟ್ಟಿದ ಆ ತಂಡದ, ಮೈಮೇಲೆ ನವಿಲು ಹೊತ್ತ ಕೆಂಪು ಹೆಲಿಕಾಪ್ಟರ್‌ಗಳಿಗೆ ಬಿಳಿ ಬೆರೆಸಿದರೆ ಗುಲಾಬಿಯಾಗುತ್ತವೆ. ಕೆಂಪನ್ನು ತಿಳಿಯಾಗಿಸಲು ಚೂರು ಕಿತ್ತಳೆ.

ಇಷ್ಟು ಸಡಿಲ ಬಿಟ್ಟ ಮೇಲೆ ಒಂದು ಕಡೆ ಬಿಗಿ ಹಿಡಿಯಬೇಕು, ಅದು ವಾಯುಪಡೆಯ ವೃತ್ತ: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಇಲ್ಲಿ ಹಳದಿಗೆ ತಿರುಗಿದ ಕಿತ್ತಳೆಯನ್ನು ಕ್ಷಮಿಸುವಂತಿಲ್ಲ, ಯಾಕೆಂದರೆ ಮಾದರಿ ಕಣ್ಣೆದುರೇ ಇದೆ. ರಾಷ್ಟ್ರಧ್ವಜದ ಬಣ್ಣಗಳನ್ನು ಐಎಸ್ 1 ನಿಗದಿ ಮಾಡಿದೆ, ಆ ಪ್ರಮಾಣದ ಖಾದಿ ಧ್ವಜ ತಯಾರಾಗುವುದು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಒಂದು ಕೊಂಡು ಪಕ್ಕದಲ್ಲಿ ಹಿಡಿದು ನೋಡಿ. ಮೇಜಿನ ಮೇಲೆ ಹಾಸಬೇಡಿ, ಧ್ವಜ ಸಂಹಿತೆ ಒಪ್ಪುವುದಿಲ್ಲ.

ಬಳಕೆಯ ನಂತರದ ತೊಂದರೆಗಳು. ‘ಇದು ಹಾರುತ್ತಾ?’ ಎಂದು ಮಕ್ಕಳು ಕೇಳಿದರೆ ಇಲ್ಲ ಎಂದು ಬೇಗ ಹೇಳಿ, ಇಲ್ಲದಿದ್ದರೆ ಹಾರಿಸಿ ನೋಡುತ್ತಾರೆ. ‘ಎಷ್ಟಾಯ್ತು?’ ಎಂದು ಚಿಕ್ಕಪ್ಪ ಕೇಳಿದರೆ ಕಿಟ್‌ನ ಬೆಲೆ ಮಾತ್ರ ಹೇಳಿ, ಬಣ್ಣದ್ದು ಬೇಡ. ಬಲ್ಲವರೊಬ್ಬರು ಬಂದು, ಕನ್ನಡಕ ಹಣೆಗೇರಿಸಿ, ‘ಸ್ವಲ್ಪ ನೀಲಿ ಜಾಸ್ತಿ ಆಯ್ತಲ್ಲ ಸ್ವಾಮಿ’ ಎಂದರೆ ವಾದಕ್ಕಿಳಿಯಬೇಡಿ. ‘ನೀವು ಹೇಳ್ತಿರೋದು ಯಾವ ವರ್ಷದ್ದು?’ ಎಂದು ಕೇಳಿ, ಕಾಫಿ ತರಲು ಒಳಗೆ ಹೋಗಿ.