ರಾಯರೂ ಅಟ್ಟದ ಬಾಣಂತಿಯೂ

ಪರದೇಶದಲ್ಲಿ ಹತ್ತು ಮಂದಿ ಕನ್ನಡಿಗರು ಒಂದೆಡೆ ನೆಲೆಸಿದರೆಂದರೆ ಅವರಲ್ಲೊಬ್ಬರು ಮಿಕ್ಕವರಿಗಿಂತ ಮೊದಲು ಬಂದವರಾಗಿರುವುದು ಗಣಿತದ ನಿಯಮ. ಆದರೆ ಹಾಗೆ ಮೊದಲು ಬಂದುದನ್ನೇ ಒಂದು ಅಧಿಕಾರಪದವಿಯೆಂದು ಭಾವಿಸಿ, ಅನಂತರ ಬಂದವರ ಹಿಮ ತೆಗೆಯುವ ಸಲಿಕೆಯಿಂದ ಹಿಡಿದು ಆದಾಯ ತೆರಿಗೆಯವರೆಗೆ, ಮಗುವಿನ ನಾಮಕರಣದಿಂದ ಹಿಡಿದು ಬಚ್ಚಲಿನ ಕೊಳವೆಯವರೆಗೆ ಸಮಸ್ತವನ್ನೂ ತಮ್ಮ ಆಡಳಿತಕ್ಕೆ ಸೇರಿಸಿಕೊಳ್ಳುವುದು ಮಾತ್ರ ಕೆಲವರ ಸ್ವಭಾವವಿಶೇಷ. ಟೊರಾಂಟೊ ನಗರದ ಪೂರ್ವಭಾಗವಾದ ಸ್ಕಾರ್ಬರೋದಲ್ಲಿ ಈ ಪದವಿಯನ್ನು ಅಲಂಕರಿಸಿರುವವರು ನಮ್ಮ ರಾಯರು. ಅವರಿಗೊಂದು ಪೂರ್ಣ ನಾಮಧೇಯವುಂಟು. ಅದು ತೆರಿಗೆಯ ಕಾಗದಗಳಲ್ಲಿ ಮಾತ್ರ ಬಳಕೆಯಲ್ಲಿದೆ.

ರಾಯರ ಗುಣಗಳನ್ನು ಸಂಕ್ಷೇಪವಾಗಿಯೇ ಹೇಳಬಹುದು. ಅವರು ಬಂದ 1970ರ ದಶಕದಲ್ಲಿ ಅವರಿದ್ದ ಬೀದಿಯ ಆಸುಪಾಸಿನಲ್ಲಿ ಕರಿಬೇವು ಸಿಕ್ಕುತ್ತಿರಲಿಲ್ಲ. ಈ ಸಂಗತಿಯನ್ನು ನಾವು ಕರಿಬೇವು ಹಾಕಿದ ಪದಾರ್ಥವನ್ನು ಉಣ್ಣುವಾಗಲೆಲ್ಲ ವಿನಯದಿಂದ ಕೇಳತಕ್ಕದ್ದು. ಮೊಳಕಾಲುದ್ದ ಹಿಮ ಬಿದ್ದ ದಿನ, "ಇದೂ ಒಂದು ಹಿಮವೇನ್ರೀ?" ಎನ್ನುವರು. ಬರುವ ಮುನ್ನ ತಿಳಿಸುವ ಪದ್ಧತಿ ಅವರಲ್ಲಿಲ್ಲ. ಬಂದ ಮೇಲೆ ಹೊರಡುವ ಪದ್ಧತಿಯೂ ಅಷ್ಟಾಗಿ ಇಲ್ಲ. ಆದರೆ ನಮ್ಮಲ್ಲಿ ಯಾರಿಗೇ ಜ್ವರ ಬರಲಿ, ಮೆಣಸಿನ ಸಾರಿನ ಡಬ್ಬಿಯೊಡನೆ ಮೊದಲು ಬಾಗಿಲು ತಟ್ಟುವವರು ಅವರೇ ಆದುದರಿಂದ, ಅವರನ್ನು ಬೈಯಬೇಕೆಂದಿರುವವನು ಆರೋಗ್ಯವಾಗಿರುವಾಗಲೇ ಬೈದು ಮುಗಿಸಿಕೊಳ್ಳಬೇಕು.

ಇಷ್ಟೆಲ್ಲ ಸಹ್ಯವೇ. ರಾಯರ ಪಾಂಡಿತ್ಯವು ಪರಾಕಾಷ್ಠೆಯನ್ನು ಮುಟ್ಟುವುದು ರಕೂನಿನ ವಿಷಯದಲ್ಲಿ. ಕಣ್ಣಿನ ಸುತ್ತ ಕಪ್ಪು ಪಟ್ಟಿ, ಉಂಗುರುಂಗುರವಾದ ಬಾಲ, ಕೊಂಡಿಯನ್ನು ತಡವಿ ತೆರೆಯಬಲ್ಲ ಐದೈದು ಬೆರಳುಗಳ ಮುಂಗಾಲು, ಇವುಗಳಿಂದ ಕೂಡಿದ ಈ ನಿಶಾಚರ ಪ್ರಾಣಿಗೆ ಟೊರಾಂಟೊ ನಗರವು ತನ್ನ ರಾಜಧಾನಿಯೆಂದೇ ಭಾವನೆ. ಇದರ ಕೈಗೆ ಸಿಕ್ಕದಿರಲೆಂದು ನಗರಸಭೆಯವರು 2016ರಲ್ಲಿ ಬೀಗದ ಮುಚ್ಚಳವುಳ್ಳ ಹೊಸ ಕಸದ ಡಬ್ಬಗಳನ್ನು ಮನೆಮನೆಗೆ ಹಂಚತೊಡಗಿದರು. ಅವನ್ನೂ ತೆರೆಯಬಲ್ಲ ಪ್ರತಿಭಾಶಾಲಿಗಳು ಆ ಕುಲದಲ್ಲಿ ಕಾಣಿಸಿಕೊಂಡರು. ಅದಕ್ಕೆ ಹಿಂದಿನ ವರ್ಷ ಯಂಗ್ ಸ್ಟ್ರೀಟಿನ ಕಾಲುದಾರಿಯಲ್ಲಿ ಒಂದು ರಕೂನು ಸತ್ತು ಬಿದ್ದಿದ್ದಾಗ, ಅದನ್ನು ಒಯ್ಯುವವರು ಬರುವುದು ರಾತ್ರಿಯವರೆಗೂ ತಡವಾಗಲು, ನಾಗರಿಕರು ಅದಕ್ಕೆ ಕಾನ್ರಡ್ ಎಂದು ಹೆಸರಿಟ್ಟು, ಹೂವನ್ನಿಟ್ಟು, ಮೋಂಬತ್ತಿ ಹಚ್ಚಿ, ಚೌಕಟ್ಟು ಹಾಕಿದ ಭಾವಚಿತ್ರವನ್ನೂ ಪಕ್ಕದಲ್ಲಿಟ್ಟರು. ಇಂಥ ಊರಿನಲ್ಲಿ ರಕೂನನ್ನು ನಿಂದಿಸುವವನಿಗೆ ಇಹದಲ್ಲಿ ಬೆಂಬಲವಿಲ್ಲ. ರಾಯರ ಪ್ರಕಾರ ಪರದಲ್ಲಿಯೂ ಇಲ್ಲ.

ಒಂದು ಏಪ್ರಿಲ್ ತಿಂಗಳಿನಲ್ಲಿ ನಮ್ಮ ಮಲಗುವ ಕೋಣೆಯ ಮೇಲಿನ ಅಟ್ಟದಲ್ಲಿ ಯಾರೋ ಪೀಠೋಪಕರಣಗಳನ್ನು ಸರಿಸುತ್ತಿರುವ ಸದ್ದೂ, ನಡುನಡುವೆ ಕೀಚಲು ಧ್ವನಿಯೂ ಕೇಳಿಬರತೊಡಗಿದವು. ಬೋನಿಡುವವರನ್ನು ಕರೆಸಿ, ಪ್ರಾಣಿಯನ್ನು ದೂರದ ಯಾವುದಾದರೊಂದು ಕಾಡಿಗೆ ಸಾಗಿಸಿಬಿಡುವುದು ಅತ್ಯಂತ ಧರ್ಮಸಮ್ಮತವಾದ ಉಪಾಯವೆಂದು ನಾನು ನಿಶ್ಚಯಿಸುವಷ್ಟರಲ್ಲಿ, ನನ್ನ ಪತ್ನಿಯ ಮೂಲಕ ವಾರ್ತೆಯನ್ನು ತಿಳಿದ ರಾಯರು ಏಣಿ, ಟಾರ್ಚು, ಕಾಫಿಯ ಫ್ಲಾಸ್ಕು ಸಮೇತರಾಗಿ ಬಿಜಯಂಗೈದರು.

"ದೂರ ಎಂದರೆ ಎಷ್ಟು ದೂರ?" ಎಂದು ಕೇಳಿದರು.

"ನಲವತ್ತೋ ಐವತ್ತೋ ಕಿಲೋಮೀಟರು."

"ಒಂಟಾರಿಯೊ ಕಾನೂನು ಗೊತ್ತೇನ್ರೀ ನಿಮಗೆ? ಹಿಡಿದ ಪ್ರಾಣಿಯನ್ನು ಹಿಡಿದ ಜಾಗದಿಂದ ಒಂದು ಕಿಲೋಮೀಟರಿನ ಒಳಗೇ ಬಿಡಬೇಕು. ಒಂದು ಕಿಲೋಮೀಟರಿಗೆ ಬರುವುದು ಯಾರ ಮನೆ ಹೇಳಿ? ನನ್ನದು!"

ಗುರುತಿಲ್ಲದ ನೆಲದಲ್ಲಿ ಬಿಟ್ಟ ಪ್ರಾಣಿಗೆ ಆಹಾರವೂ ತಿಳಿಯದೆ, ಬಿಲವೂ ದೊರೆಯದೆ, ಅಲ್ಲಿ ಮೊದಲೇ ನೆಲೆಸಿರುವ ರಕೂನುಗಳ ಹಗೆಗೂ ಸಿಕ್ಕಿ ಅನೇಕ ವೇಳೆ ಸಾಯುವುದೆಂಬುದನ್ನು ಅವರು ವಿಸ್ತಾರವಾಗಿ ನಿರೂಪಿಸಿದರು. ಬಳಿಕ ಏಣಿಯನ್ನೇರಿ, ಅಟ್ಟದ ಕಿಂಡಿಯಲ್ಲಿ ಸೊಂಟದವರೆಗೆ ಅಂತರ್ಧಾನರಾಗಿ, ಬಹಳ ಹೊತ್ತಿನ ಮೇಲೆ ಕೆಳಗಿಳಿದು, ಪಿಸುದನಿಯಲ್ಲಿ, "ನಾಲ್ಕು ಮರಿ. ಇನ್ನೂ ಕಣ್ಣೇ ತೆರೆದಿಲ್ಲ. ಬಾಣಂತಿಯನ್ನು ಮನೆಯಿಂದ ಹೊರಹಾಕುವವರುಂಟೇನ್ರೀ?" ಎಂದರು. ಬಾಣಂತಿ ಎಂಬ ಶಬ್ದವು ಕಿವಿಗೆ ಬಿದ್ದೊಡನೆ ನನ್ನ ಪತ್ನಿಯ ಮುಖದಲ್ಲಾದ ಬದಲಾವಣೆಯನ್ನು ಕಂಡು, ನನ್ನ ಮನೆಯಲ್ಲಿ ನಾನು ಅಲ್ಪಸಂಖ್ಯಾತನಾದೆನೆಂಬುದನ್ನು ಅರಿತುಕೊಂಡೆನು.

ಮರಿಗಳ ಕಣ್ಣು ತೆರೆಯುವವರೆಗೆ, ಎಂದರೆ ಸುಮಾರು ಮೂರು ವಾರದ ಪ್ರಾಯದವರೆಗೆ, ನಮ್ಮ ನಿದ್ರೆಯನ್ನು ಧಾರೆಯೆರೆದೆವು. ಅನಂತರ ರಾಯರ ಶಾಸ್ತ್ರೋಕ್ತ ಪ್ರಯೋಗ ಮೊದಲಾಯಿತು. ತಾಯಿ ರಕೂನಿಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬಿಡಾರಗಳಿರುತ್ತವೆ. ಇರುವ ಬಿಡಾರವನ್ನು ಬೆಳಕು, ಘಾಟು, ಮನುಷ್ಯರ ಮಾತು ಈ ಮೂರರಿಂದ ಅಪ್ರಿಯವಾಗಿ ಮಾಡಿದರೆ ತಾನಾಗಿಯೇ ಮರಿಗಳನ್ನು ಕಚ್ಚಿಕೊಂಡು ಇನ್ನೊಂದಕ್ಕೆ ಹೋಗುವುದು. ಆದುದರಿಂದ ಅಟ್ಟದಲ್ಲಿ ದೀಪವುರಿಯಿತು; ವಿನಿಗರಿನಲ್ಲಿ ತೋಯಿಸಿದ ಬಟ್ಟೆಗಳು ನೇತಾಡಿದವು; ರೇಡಿಯೊದಲ್ಲಿ ಇಂಗ್ಲಿಷ್ ವಾರ್ತೆ ಹಗಲೆಲ್ಲ ಮೊಳಗಿತು. ಬಾಣಂತಿಯು ಸುಖವಾಗಿ ನಿದ್ರಿಸಿದಳು. "ಇಲ್ಲೇ ಹುಟ್ಟಿ ಬೆಳೆದವಳಿಗೆ ಇಂಗ್ಲಿಷಿನಿಂದ ಏನು ತೊಂದರೆ?" ಎಂದು ರಾಯರು ವೀಣಾವಾದನದ ಧ್ವನಿಮುದ್ರಿಕೆಯನ್ನು ತಂದರು. ಅಟ್ಟದ ಸದ್ದೆಲ್ಲವೂ ಅಡಗಿ, ತಾಯಿಮಕ್ಕಳು ಶ್ರದ್ಧೆಯಿಂದ ಆಲಿಸುತ್ತಿರುವರೆಂಬ ಅನುಮಾನವುಂಟಾಯಿತು. ಕಟ್ಟಕಡೆಗೆ ಅವರು ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ತಾವೇ ಮಾಡಿದ್ದ ಅಧ್ಯಕ್ಷಭಾಷಣವನ್ನು ಹಳೆಯ ಟೇಪ್ ರೆಕಾರ್ಡರಿನಲ್ಲಿ ಹಾಕಿ, ಅದನ್ನು ಕಿಂಡಿಯ ಬಳಿ ಇರಿಸಿದರು.

ಆ ಭಾಷಣವನ್ನು ನಾವೆಲ್ಲರೂ ಸಭಾಂಗಣದಲ್ಲಿ ಕುಳಿತು ಪೂರ್ತಿಯಾಗಿ ಕೇಳಿದವರು. ಏಕೆಂದರೆ ಅದು ಮುಗಿದ ಮೇಲೆ ಬಿಸಿಬೇಳೆಭಾತು ಇತ್ತು. ರಕೂನಿಗೆ ಅಂಥ ನಿರೀಕ್ಷೆ ಯಾವುದೂ ಇರಲಿಲ್ಲ. ಅಂದು ರಾತ್ರಿಯೇ ಅದು ಸೂರಿನ ಕಂಡಿಯಿಂದ ಹೊರಬಂದು, ಒಂದು ಮರಿಯ ಕತ್ತಿನ ಹಿಂಬದಿಯನ್ನು ಬಾಯಿಯಲ್ಲಿ ಹಿಡಿದು, ಮಳೆನೀರಿನ ಕೊಳವೆಯನ್ನು ತಬ್ಬಿ, ಹಿಂಗಾಲಿನಿಂದ ತಡವುತ್ತ ತಡವುತ್ತ ಇಳಿಯಿತು. ಬೇಲಿ ದಾಟಿ ಮರೆಯಾಗಿ, ಬರಿಬಾಯಿಯಲ್ಲಿ ಮರಳಿತು. ನಾಲ್ಕನ್ನೂ ಸಾಗಿಸಿದ ಮೇಲೆ ಇನ್ನೊಮ್ಮೆ ಬಂದು, ಒಳಹೊಕ್ಕು ನೋಡಿ, ಏನೂ ಇಲ್ಲವೆಂದು ಖಚಿತಪಡಿಸಿಕೊಂಡು ಹೋಯಿತು. ಗೆಲುವು ವಿನಿಗರಿನದೆಂದು ರಾಯರ ಮತ; ಸಂಘದ ಸದಸ್ಯರ ಮತ ಬೇರೆ.

ಹೊರಹಾಕುವುದಕ್ಕಿಂತ ಮತ್ತೆ ಬಾರದಂತೆ ಮಾಡುವುದು ಕಷ್ಟವೆಂಬುದು ರಾಯರ ಸಿದ್ಧಾಂತ. ಕಂಡಿಗೆ ವೃತ್ತಪತ್ರಿಕೆಯನ್ನು ಸಡಿಲವಾಗಿ ತುರುಕಿ, ಎರಡು ಮೂರು ರಾತ್ರಿ ಅದು ಕದಲದಿದ್ದರೆ ಮಾತ್ರ ಒಳಗೆ ಯಾರೂ ಇಲ್ಲವೆಂದು ತಿಳಿಯತಕ್ಕದ್ದು. ಅವಸರದಿಂದ ಮುಚ್ಚಿದರೆ ಒಳಗುಳಿದ ಮರಿಗಾಗಿ ತಾಯಿ ಮಾಡನ್ನೇ ಹರಿದುಹಾಕುವಳು. ಮರಿಯಿಲ್ಲದ ಕಾಲದಲ್ಲಾದರೆ ಹೊರಕ್ಕೆ ಮಾತ್ರ ತೆರೆದು ಒಳಕ್ಕೆ ತೆರೆಯದ ಒಂದು ಬಗೆಯ ಬಾಗಿಲನ್ನು ಕಂಡಿಗೆ ಜೋಡಿಸುವುದುಂಟು. ಅಂಥದೊಂದನ್ನು ನಮ್ಮ ಮುಂಬಾಗಿಲಿಗೂ ಜೋಡಿಸಬಹುದೇ ಎಂಬ ಯೋಚನೆಯು, ರಾಯರು ಮೂರನೆಯ ಲೋಟ ಕಾಫಿಯನ್ನು ಕುಡಿಯುತ್ತಿದ್ದಾಗ, ನನ್ನ ಮನಸ್ಸಿನಲ್ಲಿ ಸುಳಿದುದನ್ನು ಮುಚ್ಚಿಡಲಾರೆ. ಹಿಕ್ಕೆಯಲ್ಲಿರಬಹುದಾದ ಹುಳುವಿನ ತತ್ತಿ ಮನುಷ್ಯನ ಮಿದುಳಿಗೂ ಅಪಾಯಕರವಾದುದರಿಂದ, ಮುಖಕ್ಕೆ ಮುಸುಕು, ಕೈಗೆ ಗವಸು ತೊಟ್ಟು ಅಟ್ಟವನ್ನು ಶುಚಿಗೊಳಿಸಿದ್ದಾಯಿತು. ಅನಂತರ ತುಕ್ಕುಹಿಡಿಯದ ತಂತಿಜಾಲರಿ; ಅದಕ್ಕೂ ಮೊಳೆಯಲ್ಲ, ತಿರುಪೇ ಆಗಬೇಕು. ನಾನು ಗರುಡಗಂಬದಂತೆ ಏಣಿಯನ್ನು ಹಿಡಿದು ನಿಂತಿದ್ದೆನು. ಏಣಿ ಹಿಡಿದವನ ಅಭಿಪ್ರಾಯವನ್ನು ಯಾವ ಯುಗದಲ್ಲಿಯೂ ಯಾರೂ ಕೇಳಿದ್ದಿಲ್ಲ.

ತಿರುಪನ್ನು ಬಿಗಿಯುತ್ತಲೇ ರಾಯರು ಮೇಲಿನಿಂದ ಹೇಳಿದರು: "ನಾವು ಬಂದ ವರ್ಷ ಒಂದು ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದೆವು. ಒಗ್ಗರಣೆ ವಾಸನೆ ಆಗುವುದಿಲ್ಲ ಎಂದು ಮನೆಯಾಕೆ ಬಿಡಿಸಿದಳು. ನನ್ನವಳು ಹಸಿ ಬಾಣಂತಿ. ಜನವರಿ. ಆ ಇನ್ನೊಂದು ತಿರುಪು ಕೊಡಿ."

ಕೊಟ್ಟೆನು. ಆ ಮನೆಯಾಕೆಯ ಮೇಲೆ ಅವರಿಗೆ ಸಿಟ್ಟಿದ್ದಂತೆ ಕಾಣಲಿಲ್ಲ. ಗಮನವೆಲ್ಲ ಜಾಲರಿಯ ಮೂಲೆಯ ಮೇಲಿದ್ದಿತು. ಈಗ ಆ ಬಾಣಂತಿಯೂ ಇಲ್ಲ; ಮಕ್ಕಳಲ್ಲೊಬ್ಬ ಕ್ಯಾಲ್ಗರಿಯಲ್ಲಿ, ಮತ್ತೊಬ್ಬಳು ಕ್ಯಾಲಿಫೋರ್ನಿಯಾದಲ್ಲಿ; ನಾಲ್ಕು ಕೋಣೆಗಳ ಆ ಮನೆಯಲ್ಲಿ ರಾಯರೊಬ್ಬರೇ. ಒಬ್ಬರನ್ನು ಎಬ್ಬಿಸುವ ಹಕ್ಕು ನಮಗಿದ್ದಾಗಲೂ, ಅವರಿಗೆ ಹೋಗಲು ಇನ್ನೊಂದು ಠಾವು ಇದೆಯೇ, ಕೂಸಿನ ಕಣ್ಣು ತೆರೆದಿದೆಯೇ ಎಂದು ವಿಚಾರಿಸಿಕೊಳ್ಳುವುದಕ್ಕೆ ಹೆಚ್ಚಿನ ವಿದ್ಯೆಯೇನೂ ಬೇಕಿಲ್ಲ, ಕೆಲವು ವಾರಗಳ ನಿದ್ರೆಯನ್ನು ಬಿಟ್ಟುಕೊಟ್ಟರೆ ಸಾಕು. ಲೋಕದಲ್ಲಿ ದಾಕ್ಷಿಣ್ಯವೆನ್ನುವುದು ಬಹುಮಟ್ಟಿಗೆ ಇಷ್ಟೇ.

ಮುಂದಿನ ರಾಜ್ಯೋತ್ಸವಕ್ಕೂ ರಾಯರೇ ಮಾತನಾಡಬೇಕೆಂದು ಸಂಘದ ಸಭೆಯಲ್ಲಿ ನಾನೇ ಸೂಚಿಸಿದೆನು. ಊಟವನ್ನು ಭಾಷಣಕ್ಕೆ ಮೊದಲೇ ಬಡಿಸತಕ್ಕದ್ದೆಂದು ಕಾರ್ಯದರ್ಶಿಗಳು ಒಂದು ತಿದ್ದುಪಡಿಯನ್ನು ತಂದರು. ಎರಡೂ ಅವಿರೋಧವಾಗಿ ಅಂಗೀಕೃತವಾದವು.