ಪ್ಲಾಟ್ ನಂಬರ್ 14ರ ಕಲ್ಲಿನೊಂದಿಗೆ ಮಾತುಕತೆ

ರಾಣೆಬೆನ್ನೂರಿನಿಂದ ಮೇಡ್ಲೇರಿಗೆ ಹೋಗುವ ದಾರಿ. ಮೊನ್ನೆಮೊನ್ನೆಯವರೆಗೂ ಗೋವಿನಜೋಳ ಬೆಳೆಯುತ್ತಿದ್ದ ಹೊಲದಲ್ಲೀಗ ಸುಣ್ಣ ಬಳಿದ ಕಲ್ಲುಗಳು ಎದ್ದಿವೆ. ಮನೆ ಒಂದೂ ಇಲ್ಲ, ಕಮಾನು ಮಾತ್ರ ಭರ್ಜರಿ. ಏಜೆಂಟರು ಊಟಕ್ಕೆ ಹೋದ ಹೊತ್ತಿನಲ್ಲಿ, ಕೆಂಪಕ್ಷರದಲ್ಲಿ 14 ಎಂದು ಬರೆಸಿಕೊಂಡ ಕಲ್ಲು ಮಾತಿಗೆ ಸಿಕ್ಕಿತು.

ಪ್ರಶ್ನೆ: ತಾವು ಇಲ್ಲಿಗೆ ಬಂದದ್ದು ಯಾವಾಗ?

ಕಲ್ಲು: ಬಂದದ್ದಲ್ರೀ, ನಾ ಇಲ್ಲಿಯಾಂವನ. ಮದಲ ಬಾಂದಗಲ್ಲು ಇದ್ದೆ. ಒಂದು ಗೇಣು ಸರಿಸಿದ್ರೂ ಅಣ್ಣತಮ್ಮರು ಕೊಡ್ಲಿ ತಗೀತಿದ್ರು. ಈಗ ಜೆಸಿಬಿಯಾಂವ ಬೀಡಿ ಸೇದಕೋತ ಎತ್ತಿ ಒಗೀತಾನ. ಗಿರಾಕಿಗೆ ಪೂರ್ವದ ಬಾಗಿಲಾ ಬೇಕಂದ್ರ ಅತ್ತಾಗ ಹುಗೀತಾರ, ಮೂಲಿ ಪ್ಲಾಟ್ ಬೇಕಂದ್ರ ಮೂಲಿಗೆ ಒಯ್ತಾರ. ಒಂದ ಐತವಾರ ಮೂರು ಕಡೆ ನಿಂತೇನಿ.

ಪ್ರಶ್ನೆ: ರಾಣೆಬೆನ್ನೂರಿಗೆ ಹತ್ತೇ ನಿಮಿಷ ಅಂತ ಬೋರ್ಡಿದೆ.

ಕಲ್ಲು: ಐತಿ. ಮಳಿ ಇರಬಾರದು, ಮುಂದ ಕಬ್ಬಿನ ಟ್ರ್ಯಾಕ್ಟರ್ ಇರಬಾರದು, ಕುರಿ ಹಿಂಡು ಅಡ್ಡ ಬರಬಾರದು. ಇದರಾಗ ಒಂದು ಮೋಜು ಕೇಳ್ರಿ. ಯೋಜನಾ ಪ್ರದೇಶದೊಳಗ 500 ಚದರ ಮೀಟರ್ ದಾಟಿದ ಲೇಔಟ್ ಇದ್ರ 2016ರ ರೇರಾ ಕಾಯ್ದೆ ಪ್ರಕಾರ ನೋಂದಣಿ ಆಗಬೇಕು. ಅದನ್ನ ಮಾರೋ ಏಜೆಂಟನೂ ನೋಂದಣಿ ಆಗಬೇಕು. 500 ಚದರ ಮೀಟರ್ ಅಂದ್ರ ಐದು ಗುಂಟೆಗೆ ಒಂಚೂರು ಕಡಿಮಿ. ರೇಟ್ ಹೇಳೂವಾಗ ನಮ್ಮ ಏಜೆಂಟ “ಊರಾಗ ಇದ್ದಂಗ್ರಿ” ಅಂತಾನ. ರೇರಾ ನಂಬರ್ ಕೇಳಿದ್ರ “ನಾವು ಊರ ಹೊರಗ ಅದೇವಿ, ನಮಗ ಹತ್ತಂಗಿಲ್ಲ” ಅಂತಾನ.

ಪ್ರಶ್ನೆ: ಕೊಳ್ಳುವವರು ಕಾಗದಪತ್ರ ಕೇಳುವುದಿಲ್ಲವೇ?

ಕಲ್ಲು: ಹಾವೇರಿ ದನದ ಸಂತ್ಯಾಗ ಎತ್ತಿನ ಬಾಯಿ ತೆರದು ಹಲ್ಲು ಎಣಸ್ತಾರ, ನಡಿಸಿ ನೋಡ್ತಾರ, ಆಮ್ಯಾಲ ಟವೆಲ್ ಕೆಳಗ ಬೆರಳು ಹಿಡೀತಾರ. ಅದ ಮಂದಿ ಇಲ್ಲಿ ಬಂದು ಲಕ್ಷಾಂತರ ಕೊಡೂವಾಗ ಫೈಲ್ ತೆರೀರಿ ಅನ್ನಾಕ ನಾಚ್ಕೋತಾರ. ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿಗೆ ರೇಟ್ ಬಂದ ವಾರಂತೂ ಕೇಳಬ್ಯಾಡ್ರಿ. ಕಿಸೇದಾಗ ರೊಕ್ಕ ಇರ್ತೈತಿ, ನನ್ನ ಮ್ಯಾಲ ಒಂದು ಕಾಲಿಟ್ಟು ಫೋಟೋ ಹೊಡಸ್ಕೋತಾರ, ಅಲ್ಲೇ ಸಂಚಗಾರ ಕೊಡ್ತಾರ.

ಪ್ರಶ್ನೆ: ಎನ್.ಎ. ಆಗಿದೆಯಲ್ಲ?

ಕಲ್ಲು: “ಆದಂಗ್ರಿ.” ಇದು ಏಜೆಂಟನ ಮಾತು. ಹೊಲಾನ ಮನಿ ಜಾಗ ಮಾಡಾಕ 1964ರ ಭೂಕಂದಾಯ ಕಾಯ್ದೆದಾಗ 95ನೇ ಕಲಮು ಐತಿ, ಡಿ.ಸಿ. ಆರ್ಡರ್ ಬೇಕು. ಆರ್ಡರ್ ಇಲ್ಲಾಂದ್ರ ಉತಾರದಾಗ ಅದು ಹೊಲಾನ. ನೂರು ರೂಪಾಯಿ ಬಾಂಡಿನ ಮ್ಯಾಲ ಮಾತ್ರ ಗುಂಟಾ ಪ್ಲಾಟ್. ನಾಳೆ ಪಂಚಾಯತಿಗೆ ಹೋದ್ರ ಇ-ಸ್ವತ್ತಿನ್ಯಾಗ 9 ಮತ್ತು 11ಎ ನಮೂನೆ ಬರಂಗಿಲ್ಲ. ಅವಿಲ್ಲಾಂದ್ರ ಬ್ಯಾಂಕಿನಾಂವ ಚಾ ಕುಡಿಸಿ ಕಳಸ್ತಾನ.

ಪ್ರಶ್ನೆ: ಇಸಿ ತೆಗೆಸಿದರೆ ಎಲ್ಲ ತಿಳಿಯುತ್ತದಂತೆ.

ಕಲ್ಲು: ಋಣಭಾರ ಪತ್ರದಾಗ ನೋಂದಣಿ ಆಗಿದ್ದಷ್ಟ ಕಾಣ್ತೈತಿ. ಬಾಂಡ್ ಮ್ಯಾಲಿನ ಕರಾರು ಕಾಣಂಗಿಲ್ಲ, ಕೋರ್ಟಿನ ದಾವೆನೂ ಬಹಳ ಸಲ ಕಾಣಂಗಿಲ್ಲ. ನನ್ನನ್ನ ನಾಕು ಮಂದಿ ಕೊಂಡಾರ. ಇಸಿ ಒಳಗ ನಾ ಇನ್ನೂ ಮದಿವಿ ಆಗದ ಕನ್ಯಾ.

ಪ್ರಶ್ನೆ: ಏಜೆಂಟರ ಕಮಿಷನ್?

ಕಲ್ಲು: ಕೊಳ್ಳಾಂವನ ಕಡಿಂದ ಎರಡು ಪರ್ಸೆಂಟ್, ಮಾರಾಂವನ ಕಡಿಂದ ಎರಡು. ಇಬ್ಬರಿಗೂ “ನಾ ನಿಮ್ಮ ಕಡಿಯಾಂವ” ಅಂತಾನ. ಸುಳ್ಳಲ್ಲ ಬಿಡ್ರಿ, ಎರಡೂ ಕಡಿಯಾಂವನ. ಗಿರಾಕಿನ್ನ ಮದಲು ನೋಡಿದ್ದು ನಾ ಅಂತ ಚಾದಂಗಡಿಯಾಂವನೂ ಪಾಲು ಕೇಳ್ತಾನ.

ಪ್ರಶ್ನೆ: ಹೊಲದ ಮೂಲ ಮಾಲೀಕರು ಎಲ್ಲರೂ ಸಹಿ ಹಾಕಿದ್ದಾರೆಯೇ?

ಕಲ್ಲು: ಗಂಡಸರೆಲ್ಲ ಹಾಕ್ಯಾರ. ತಂಗಿ ಸಹಿ ಯಾಕಿಲ್ಲ ಅಂತ ಒಬ್ಬ ಮಾಸ್ತರು ಕೇಳಿದ್ರು. “ಹೆಣ್ಮಕ್ಕಳು ಏನ್ ಕೇಳ್ತಾರ್ರಿ, ಹಬ್ಬಕ್ಕೊಂದು ಸೀರಿ ಕೊಟ್ರ ಮುಗೀತು” ಅಂದ ಏಜೆಂಟ. ಹಿಂದೂ ವಾರಸಾ ಕಾಯ್ದೆಗೆ 2005ರ ತಿದ್ದುಪಡಿ ಬಂದ ಮ್ಯಾಲ ಹಿರೇರ ಆಸ್ತ್ಯಾಗ ಮಗಳಿಗೂ ಮಗನಷ್ಟ ಪಾಲು. ಅಪ್ಪ ಅದಕ್ಕಿಂತ ಮದಲ ತೀರಿಕೊಂಡಿದ್ರೂ ಪಾಲು ತಪ್ಪಂಗಿಲ್ಲ ಅಂತ 2020ರಾಗ ಸುಪ್ರೀಂ ಕೋರ್ಟ್ ಹೇಳೈತಿ. ಮಾಸ್ತರು ಸಂಚಗಾರ ಕೊಡದ ಸ್ಕೂಟರ್ ಹತ್ತಿದ್ರು. ಅವರೊಬ್ಬರ ನೋಡ್ರಿ ಹಲ್ಲು ಎಣಸಿದವರು.

ಪ್ರಶ್ನೆ: ತಂಗಿಗೆ ಗೊತ್ತಾಯಿತೇ?

ಕಲ್ಲು: ಪಂಚಮಿಗೆ ತವರಿಗೆ ಬಂದಿದ್ಲು. ಜೋಕಾಲಿ ಕಟ್ಟತಿದ್ದ ಬೇವಿನಗಿಡ ಎಲ್ಲಿ ಅಂತ ಹುಡಿಕ್ಕೋತ ಬಂದು ನನ್ನ ಮುಂದ ನಿಂತ್ಲು. ಅಣ್ಣ ಏನೂ ಮಾತಾಡ್ಲಿಲ್ಲ, ಡಬ್ಬಿ ತುಂಬ ಶೇಂಗಾ ಉಂಡಿ ಕಟ್ಟಿಸಿ ಬಸ್ ಹತ್ತಿಸಿದ. ಆಕಿ ಉಂಡಿನೂ ಒಯ್ದಳು, ವಾರದಾಗ ನೋಟೀಸೂ ಕಳಿಸಿದಳು.

ಪ್ರಶ್ನೆ: ಹಾಗಾದರೆ ಈಗ?

ಕಲ್ಲು: ಕೋರ್ಟಿಂದ ಯಥಾಸ್ಥಿತಿ ಆರ್ಡರ್ ಬಂದೈತ್ರಿ. ಯಾರೂ ನನ್ನ ಅಲ್ಲಾಡಿಸೂವಂಗಿಲ್ಲ. ಸುಣ್ಣ ಹಚ್ಚಿದ ಮ್ಯಾಲ ಇದ ಮದಲ ಸಲ ಒಂದ ಜಾಗಾದಾಗ ಎರಡು ಐತವಾರ ಕಳದೇನಿ.