ಗಟ್ಟಿಮೇಳವಲ್ಲ, ಜಾಝ್

ಅಮೆರಿಕದಲ್ಲಿ ಮಗಳ ಕಾಲೇಜಿನ ಜಾಝ್ ಕಚೇರಿಗೆ ಹೋದ ಹರಟೆಗಾರ ಮಹಾಶಯ ಕೂತ ಕೂಡಲೇ ತೊಡೆಯ ಮೇಲೆ ಆದಿತಾಳ ಹಾಕತೊಡಗಿದ. ಫಜೀತಿ ಶುರುವಾದದ್ದೇ ಅಲ್ಲಿ. ಜಾಝಿನವರು ಚಪ್ಪಾಳೆ ತಟ್ಟುವುದು ಎರಡನೆಯ, ನಾಲ್ಕನೆಯ ಎಣಿಕೆಗೆ. ಈತನದು ಒಂದಕ್ಕೆ, ಮೂರಕ್ಕೆ. ಮಗಳು ಮೆಲ್ಲಗೆ ಎರಡು ಕುರ್ಚಿ ಆಚೆ ಸರಿದಳು.

ಅಲ್ಲಿನ ಕಾಲೇಜುಗಳಿಗೆ ಜಾಝ್ ಹೊಸದಲ್ಲ. ಟೆಕ್ಸಾಸಿನ ಡೆಂಟನ್ ಊರಿನಲ್ಲಿ 1947ರಲ್ಲೇ ಇದಕ್ಕೊಂದು ಪದವಿ ಶುರುವಾಯಿತು. ಜಾಝ್ ಎಂದರೆ ದೊಡ್ಡವರು ಮೂಗು ಮುರಿಯುತ್ತಿದ್ದ ಕಾಲ, ಹಾಗಾಗಿ ಹೆಸರು ‘ಡಾನ್ಸ್ ಬ್ಯಾಂಡ್’. ಅಲ್ಲಿನ ಹೆಸರುವಾಸಿ ತಂಡ ‘ಒನ್ ಓ ಕ್ಲಾಕ್ ಲ್ಯಾಬ್ ಬ್ಯಾಂಡ್’. ತಾಲೀಮು ಮಧ್ಯಾಹ್ನ ಒಂದಕ್ಕೆ. ಹುಳಿಯನ್ನ ಉಂಡ ಮೇಲೆ ಆ ಹೊತ್ತಿಗೆ ನಮ್ಮಲ್ಲಿ ನುಡಿಯುವ ವಾದ್ಯ ಗೊರಕೆಯೊಂದೇ.

ಅಷ್ಟರಲ್ಲಿ ಅತಿಥಿ ಟ್ರಂಪೆಟ್ ವಾದಕರು ಎದ್ದು ನಿಂತರು. ಒಂದು ಸುತ್ತು ನುಡಿಸಿ ಮುಗಿಸಿದ್ದೇ ತಡ, ಭರ್ಜರಿ ಕರತಾಡನ. ಕಚೇರಿ ಮುಗಿಯಿತೆಂದು ಹರಟೆಗಾರ ಶಾಲು ಹೊದ್ದು ಎದ್ದ. ಹಾಡು ಇನ್ನೂ ಅರ್ಧದಲ್ಲಿತ್ತು! ಜಾಝಿನಲ್ಲಿ ಸೋಲೋ ಮುಗಿದಾಗಲೆಲ್ಲ ನಡುವೆಯೇ ಚಪ್ಪಾಳೆ. ನಮ್ಮಲ್ಲಿ ತನಿ ಆವರ್ತನಕ್ಕೆ ಸಿಗುವ ಹಾಗೇ, ಅದು ಹೊಳೆದದ್ದು ಮರುದಿನ.

ವಾದಕರು ಟ್ರಂಪೆಟ್ಟಿನ ಪುಟ್ಟ ಕೀಲಿ ಒತ್ತಿ ನೀರು ಚೆಲ್ಲಿದರು. ಎಂಜಲೆಂದು ಹರಟೆಗಾರ ಕಾಲು ಮೇಲೆತ್ತಿಕೊಂಡ. ಬಹುಪಾಲು ಅದು ಉಸಿರಿನ ಹಬೆ ತಣಿದ ನೀರಂತೆ. ಮಡಿವಂತ ಕಾಲಿಗೆ ಭೌತಶಾಸ್ತ್ರ ಎಲ್ಲಿ ತಿಳಿಯಬೇಕು?

ಕೊನೆಗೆ ಟ್ರಂಪೆಟ್ ತಾರಕಕ್ಕೇರಿತು, ಡ್ರಮ್ಮು ಗುಡುಗಿತು. ಎಷ್ಟು ಮದುವೆಗಳ ಅಭ್ಯಾಸವೋ, ಹರಟೆಗಾರನ ಬಲಗೈ ತಾನಾಗಿ ಅಕ್ಷತೆಗೆ ತಡಕಾಡಿತು. ಜೇಬಿನಲ್ಲಿ ಸಿಕ್ಕಿದ್ದು ಕೋಡುಬಳೆ ಚೂರು. ಪುಣ್ಯಕ್ಕೆ ಎಸೆಯಲಿಲ್ಲ, ಬಾಯಿಗೆ ಹಾಕಿಕೊಂಡ. ಆ ಕಟುಂ ಸದ್ದು ಮಾತ್ರ ಸರಿಯಾಗಿ ಎರಡನೆಯ ಎಣಿಕೆಗೇ ಬಿತ್ತು.